ಆಕಾಶಕ್ಕೆ ಲೈನಿಂಗ್

ನಮ್ಮ ಚಿಕ್ಕಪ್ಪ ಲೋಕದ ಹವಾಮಾನವನ್ನು ಸರಿಪಡಿಸಲು ಹೊರಟದ್ದು ಒಂದು ಮಂಗಳವಾರ ಬೆಳಿಗ್ಗೆ. ಶನಿವಾರ ಸಂಜೆಯ ಹೊತ್ತಿಗೆ ಕೆಲಸ ಮುಗಿದಿತ್ತು. ಲೋಕದ ಕಡೆಯಿಂದ ಈವರೆಗೆ ಒಂದು ದೂರೂ ಬಂದಿಲ್ಲ. ಬಂದ ದೂರುಗಳೆಲ್ಲ ನಮ್ಮ ಬೀದಿ ಮತ್ತು ಹಿಂದಿನ ಬೀದಿಯವು.

ಚಿಕ್ಕಪ್ಪ ದರ್ಜಿ. ಬೀದಿಯ ತುದಿಯಲ್ಲಿ ತಗಡಿನ ಮಾಡಿನ ಅಂಗಡಿ, ಅದರ ಬೆನ್ನಿಗೆ ಅಂಟಿಕೊಂಡು ಮನೆ. ಕೊರಳಲ್ಲಿ ಸದಾ ಅಳತೆಯ ಟೇಪು. ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆದಿಡುತ್ತಾನೆ ಎಂದು ಚಿಕ್ಕಮ್ಮ ಹೇಳುತ್ತಾಳೆ. ಹೆತ್ತ ತಾಯಿಯಾದ ಅಜ್ಜಿ ಅದನ್ನೂ ನಂಬುವುದಿಲ್ಲ. ಕತ್ತರಿ ಹಿಡಿದರೆ ಅವನಿಗೆ ಸಮನಿಲ್ಲ. ಆದರೆ ಒಂದು ಕೊರತೆ: ಕಾಜ ಹಾಕಲು ಬಾರದು. ಗುಂಡಿ ತೂರಿಸಲು ಬಟ್ಟೆಯನ್ನು ಸಣ್ಣಗೆ ಸೀಳಿ, ಆ ಸೀಳಿನ ಅಂಚಿಗೆ ಒತ್ತೊತ್ತಾಗಿ ನೂಲು ಸುತ್ತುವ ಕೆಲಸವದು. ಚಿಕ್ಕಪ್ಪ ಹಾಕಿದ ಕಾಜದೊಳಗೆ ಹೋದ ಗುಂಡಿ ಹೊರಗೆ ಬರುವುದಿಲ್ಲ. ಬಂದರೆ ಅಂಗಿಯ ಅರ್ಧಭಾಗವನ್ನೂ ಜೊತೆಗೆ ಕರೆದುಕೊಂಡೇ ಬರುತ್ತದೆ. ಆದ್ದರಿಂದ ಅಂಗಡಿಯ ಕಾಜಗಳೆಲ್ಲ ಚಿಕ್ಕಮ್ಮನವು. ಗುಂಡಿ ಹೊಲಿಯುವುದು ನನ್ನದು. ಕತೆ ಹೇಳುವುದು ಅಜ್ಜಿಯದು.

ಆ ಬೇಸಿಗೆಯಲ್ಲಿ ಬ್ಯಾಂಡ್ ಬಾರಿಸುವವರ ಮೂವತ್ತು ಕೋಟುಗಳನ್ನು ಒಪ್ಪಿಕೊಂಡಿದ್ದೆವು. ಒಂದೊಂದಕ್ಕೆ ಒಂಬತ್ತು ಗುಂಡಿ. ಸೋಮವಾರ ಮಧ್ಯಾಹ್ನ ಏಳನೆಯ ಕೋಟಿನ ಮೂರನೆಯ ಕಾಜದಲ್ಲಿ ಚಿಕ್ಕಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ, ತಲೆಯೆತ್ತಿ ತಗಡನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ರೀ, ಕೇಳಿ. ಇದರ ಕೆಳಗೆ ಇನ್ನೊಂದು ವಾರ ಕೂತ್ರೆ ನಾನೇ ಇಸ್ತ್ರಿಯಾಗಿ ಹೋಗ್ತೀನಿ. ಬೆರಳು ಬೆವತು ಸೂಜಿ ಜಾರ್ತಿದೆ. ಶನಿವಾರದೊಳಗೆ ಈ ತಗಡಿನ ಮೇಲೆ ಏನಾದ್ರೂ ಹಾಸಿ. ಇಲ್ದಿದ್ರೆ ನಾನು ಅಣ್ಣನ ಮನೆಗೆ ಹೋಗ್ತೀನಿ. ಮಳೆ ಶುರುವಾದ್ಮೇಲೆ ಬರ್ತೀನಿ."

"ಮಳೆಗೆ ಇನ್ನೂ ಎರಡು ತಿಂಗಳಿದೆ ಕಣೇ!"

"ಗೊತ್ತು. ಎರಡು ತಿಂಗಳಿಗೆ ಆಗೋಷ್ಟು ಬಟ್ಟೆ ಮಡಚಿಟ್ಟಿದೀನಿ."

ಬಾಗಿಲ ಹಿಂದೆ ನೀಲಿ ಬ್ಯಾಗು ಹೊಟ್ಟೆ ತುಂಬಿಕೊಂಡು ಕುಳಿತಿತ್ತು. ಇನ್ನೂರಕ್ಕೂ ಹೆಚ್ಚು ಕಾಜ ಬಾಕಿ, ಬ್ಯಾಂಡಿನವರಿಗೆ ಕೊಟ್ಟ ಮಾತು ಬೇರೆ. ಬೇರೆ ಯಾರಾದರೂ ಆಗಿದ್ದರೆ ಏಣಿ ಹತ್ತಿ ತಗಡಿನ ಮೇಲೊಂದು ಬಟ್ಟೆ ಹಾಸಿ ಇಳಿಯುತ್ತಿದ್ದರು. ಚಿಕ್ಕಪ್ಪ ಹಾಗೆ ಮಾಡಲಿಲ್ಲ. ಏಕೆಂದರೆ ಮಾರನೆಯ ಬೆಳಿಗ್ಗೆ ರೇಡಿಯೋ ಮಾತನಾಡಿತು.

ರೇಡಿಯೋದಲ್ಲಿ ವಿಜ್ಞಾನಿಯೊಬ್ಬರು ಭೂಮಿ ಕಾಯುತ್ತಿರುವುದನ್ನು ವಿವರಿಸುತ್ತಿದ್ದರು. ಬಿಸಿಲಿನ ಒಂದು ಪಾಲನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿದರೆ ಹೇಗೆ? ಆಕಾಶದ ಮೇಲ್ಪದರದಲ್ಲಿ ಹೊಳೆಯುವ ಸಣ್ಣ ಕಣಗಳನ್ನು ಹರಡಿ, ತೆಳುವಾದ ತೆರೆಯೊಂದನ್ನು ಕಟ್ಟಿದಂತೆ ಮಾಡಿದರೆ ಲೋಕ ತಣ್ಣಗಾಗಬಹುದೆಂದು ಕೆಲವರ ಯೋಚನೆ. "ಆದರೆ..." ಎಂದರು ವಿಜ್ಞಾನಿ. ಅಷ್ಟರಲ್ಲಿ ಚಿಕ್ಕಪ್ಪ ಪ್ಯಾಂಟೊಂದರ ಉದ್ದ ಹೊಲಿಗೆ ಶುರುಮಾಡಿದ. ಯಂತ್ರ ಗಡಗಡ ಎಂದಿತು. ಹೊಲಿಗೆ ಮುಗಿಯುವಾಗ ವಿಜ್ಞಾನಿ ನಮಸ್ಕಾರ ಹೇಳುತ್ತಿದ್ದರು. ಹೀಗೆ "ಆದರೆ" ಎಂಬ ಮಾತಿನ ನಂತರದ ವಿಜ್ಞಾನವೆಲ್ಲ ನಮ್ಮ ಚಿಕ್ಕಪ್ಪನಿಗೆ ದಕ್ಕದೇ ಹೋಯಿತು.

"ಲೈನಿಂಗ್!" ಎಂದು ಅವನು ಎದ್ದು ನಿಂತ. "ಇಷ್ಟೇ ಅಲ್ವಾ ವಿಷಯ? ಆಕಾಶಕ್ಕೆ ಲೈನಿಂಗ್ ಇಲ್ಲ. ಅದಕ್ಕೇ ಈ ಸೆಕೆ."

ಮೂರು ವಾರದಿಂದ ತಮ್ಮ ಪ್ಯಾಂಟಿಗಾಗಿ ಅಲೆಯುತ್ತಿದ್ದ ಪಕ್ಕದ ಮಹಡಿಯ ಲೆಕ್ಕದ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. "ನನ್ನ ಪ್ಯಾಂಟಿಗೂ ಲೈನಿಂಗ್ ಇಲ್ಲ. ಪ್ಯಾಂಟೇ ಇಲ್ಲ," ಎಂದರು.

"ಮೇಷ್ಟ್ರೇ, ಲೋಕ ಹತ್ತಿ ಉರೀತಿದೆ. ನೀವು ಪ್ಯಾಂಟು ಅಂತೀರಲ್ಲ!"

ಅಟ್ಟದ ಮೇಲೆ ಎಂಟು ವರ್ಷಗಳಿಂದ ಬೆಳ್ಳಿಯಂತೆ ಹೊಳೆಯುವ ಬಟ್ಟೆಯ ದೊಡ್ಡ ಸುರುಳಿ ಬಿದ್ದಿತ್ತು. ಯಾವುದೋ ಸರ್ಕಸ್ ಕಂಪನಿ ತೆರೆ ಹೊಲಿಯಲು ಕೊಟ್ಟು, ಆನೆ ಸಮೇತ ಊರು ಬಿಟ್ಟು ಹೋಗಿ, ಮರಳಿ ಬಂದಿರಲಿಲ್ಲ. ಚಿಕ್ಕಪ್ಪ ಅದನ್ನು ಕೆಳಗಿಳಿಸಿ ಧೂಳು ಕೊಡವಿದಾಗ ಚಿಕ್ಕಮ್ಮನ ಮುಖ ಅರಳಿತು. "ಅಬ್ಬ, ಅಂತೂ ತಗಡಿಗೆ ಬಟ್ಟೆ ಸಿಕ್ತು."

"ತಗಡಿಗಾ? ನಿನ್ನದು ಬರೀ ಚಿಲ್ಲರೆ ಯೋಚನೆ ಕಣೇ. ಇಡೀ ಬೀದಿಗೇ ಹಾಕ್ತೀನಿ. ಬೀದಿ ತಣ್ಣಗಾದ್ರೆ ತಗಡು ತಾನಾಗೇ ತಣ್ಣಗಾಗಲ್ವಾ? ಇವತ್ತು ಬೀದಿ. ನಾಳೆ ಊರು. ನಾಡಿದ್ದು..."

"ಅಷ್ಟರಲ್ಲಿ ಶನಿವಾರ ಬಂದುಬಿಡತ್ತೆ," ಎಂದಳು ಚಿಕ್ಕಮ್ಮ.

ಅಜ್ಜಿ ಮೂಲೆಯಿಂದ ಕತೆ ತೆಗೆದಳು. "ಹಿಂದೆ ಹೀಗೇ ಒಬ್ಬ ರಾಜ ಇದ್ದ ಕಣೋ. ಸೆಕೆ ತಡೀಲಾರದೆ ಒಂದು ಮೋಡ ಹಿಡಿದು ತಂದು ಅರಮನೆ ಕಂಬಕ್ಕೆ ಕಟ್ಟಿ ಹಾಕಿದ."

"ನೋಡಿದ್ಯಾ! ಆಗ್ಲೇ ಮಾಡಿದಾರೆ. ಆಮೇಲೆ?"

"ಆಮೇಲೇನು, ಗಾಳಿ ಬಂತು. ಮೋಡ ಹೋಯ್ತು. ಅರಮನೇನೂ ಹೋಯ್ತು."

ಆ ಕೊನೆಯ ಭಾಗ ಬರುವಷ್ಟರಲ್ಲಿ ಚಿಕ್ಕಪ್ಪ ಫೋನು ಎತ್ತಿದ್ದ. ಚಿಕ್ಕಮ್ಮನ ಅಣ್ಣ ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ತಂಗಿಯನ್ನು ಕರೆದೊಯ್ಯಲು ಎಷ್ಟು ಗಂಟೆಗೆ ಬರಲಿ ಎಂದು ಕೇಳಲು ಫೋನು ಮಾಡಿದ್ದರು.

"ಕರ್ಕೊಂಡು ಹೋಗೋ ಪ್ರಶ್ನೆಯೇ ಇಲ್ಲ ಭಾವ. ನಾನೀಗ ಹವಾಮಾನದ ಕೆಲಸಕ್ಕೆ ಇಳಿದಿದೀನಿ... ಅಲ್ಲ, ಹೊಲಿಗೆ ಬಿಟ್ಟಿಲ್ಲ. ಹೊಲಿಗೆಯಿಂದಲೇ... ಶನಿವಾರ ಬನ್ನಿ, ನೀವೇ ನೋಡಿ. ನಿಮ್ಮ ತಂಗಿ ಇಲ್ಲಿ ಶಾಲು ಹೊದ್ಕೊಂಡು ಕೂತಿರ್ತಾಳೆ!"

ಶಾಲು ಎಂಬ ಮಾತು ಕೇಳಿ ಚಿಕ್ಕಮ್ಮನಿಗೆ ಇನ್ನಷ್ಟು ಬೆವರಿತು.

ಅಳತೆ ತೆಗೆದುಕೊಂಡದ್ದು ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ, ಗಿರಾಕಿಗಳಿಲ್ಲದ ಹೊತ್ತು ನೋಡಿ. ನಮ್ಮ ಬೀದಿಯ ಒಂದು ಬದಿಗೆ ಮಹಡಿಮನೆಗಳ ಸಾಲು, ಇನ್ನೊಂದು ಬದಿಗೆ ಸೊಂಟದೆತ್ತರದ ಗೋಡೆ. ಗೋಡೆಯಾಚೆ ಲಾಂಡ್ರಿಯವರ ಅಂಗಳ, ಅದರಾಚೆ ಹಿಂದಿನ ಬೀದಿ. ಚಿಕ್ಕಪ್ಪ ಅಳತೆ ಪುಸ್ತಕದ ಹೊಸ ಪುಟದಲ್ಲಿ ಗಿರಾಕಿಯ ಹೆಸರಿನ ಜಾಗದಲ್ಲಿ "ಬೀದಿ" ಎಂದು ಬರೆದ. ಉದ್ದ ಬರೆದ. ಮೇಷ್ಟ್ರ ಮನೆಯ ಮುಂದೆ ಬೀದಿ ಅಗಲವಾಗಿದ್ದುದರಿಂದ ಅದನ್ನು "ಎದೆ" ಎಂದೂ, ದೀಪದ ಕಂಬದ ಬಳಿ ಕಿರಿದಾದುದರಿಂದ ಅದನ್ನು "ಸೊಂಟ" ಎಂದೂ ನಮೂದಿಸಿದ. ಪಕ್ಕದ ಸಂದಿಯನ್ನು "ತೋಳು, ಅರ್ಧ" ಎಂದು ಬರೆದುಕೊಂಡ. ಟೇಪಿನ ಇನ್ನೊಂದು ತುದಿ ಹಿಡಿದವರು ಮೇಷ್ಟ್ರು. ಪ್ಯಾಂಟಿನ ಆಸೆ ಮನುಷ್ಯನಿಂದ ಏನೇನು ಮಾಡಿಸುತ್ತದೆ.

"ಸೂರ್ಯ ಈಗ ಸರಿಯಾಗಿ ನೆತ್ತಿ ಮೇಲಿದಾನೆ," ಎಂದರು ಮೇಷ್ಟ್ರು, ಏನನ್ನೋ ಸೂಚಿಸುವವರಂತೆ.

ಚಿಕ್ಕಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. "ಹೌದು. ಅಲ್ಲಾಡದೆ ನಿಂತಿದಾನೆ. ಒಳ್ಳೇ ಗಿರಾಕಿ."

ಅವನ ಮೂವತ್ತು ವರ್ಷದ ವೃತ್ತಿಯಲ್ಲಿ ಅಳತೆ ಕೊಡುವವರೆಲ್ಲ ನಿಂತಲ್ಲೇ ನಿಂತಿದ್ದರು. ಅಳತೆ ಕೊಟ್ಟ ಮೇಲೆ ನಡೆದುಹೋಗುವ ಗಿರಾಕಿಗಾಗಿ ಅವನು ಯಾವತ್ತೂ ಬೀದಿಯುದ್ದ ಬಟ್ಟೆ ಹಿಡಿದು ನಿಂತವನಲ್ಲ.

ಗುರುವಾರ ಕತ್ತರಿಸಿ ಹೊಲಿದ. ಸುತ್ತ ನಾಲ್ಕು ಬೆರಳು ಮಾರ್ಜಿನ್ ಬಿಟ್ಟ, ಮುಂದೆ ಬೀದಿ ದಪ್ಪಗಾದರೆ ಬಿಚ್ಚಿ ದೊಡ್ಡದು ಮಾಡಲು. ಉಳಿದದ್ದು ಒಂದೇ ಕೆಲಸ. ಹಗ್ಗ ಕಟ್ಟಲು ಅಂಚಿನುದ್ದಕ್ಕೂ ಮೂವತ್ತೆರಡು ತೂತು ಬೇಕಿತ್ತು. ಅಂದರೆ ಮೂವತ್ತೆರಡು ಕಾಜ.

ಚಿಕ್ಕಪ್ಪ ಬಟ್ಟೆಯ ಅಂಚನ್ನು ಚಿಕ್ಕಮ್ಮನ ಮಡಿಲ ಮೇಲೆ ಮೆಲ್ಲಗೆ ಇಟ್ಟ. ಅವಳು ಅದನ್ನು ಅಷ್ಟೇ ಮೆಲ್ಲಗೆ ಎತ್ತಿ ನೆಲದ ಮೇಲೆ ಇಟ್ಟಳು.

"ಆಕಾಶಕ್ಕೆ ಕಾಜ ಹಾಕೋಳು ನಾನಲ್ಲ. ತಗಡಿಗೆ ಅಂತ ಹೇಳಿ, ಈಗಲೇ ಹಾಕ್ತೀನಿ."

"ನೋಡು, ಲೋಕಕ್ಕೆ ಒಳ್ಳೇದಾಗೋ ವಿಷಯ..."

"ಲೋಕದವರನ್ನೇ ಕರೀರಿ. ಅವರಲ್ಲಿ ಯಾರಿಗಾದ್ರೂ ಕಾಜ ಬರ್ತಿರುತ್ತೆ."

ಚಿಕ್ಕಪ್ಪ ಮುಖ ಊದಿಸಿಕೊಂಡು ಕತ್ತರಿಯ ತುದಿಯಿಂದ ಮೂವತ್ತೆರಡು ಸೀಳು ಹಾಕಿದ. ಅಂಚಿಗೆ ನೂಲು ಸುತ್ತಲಿಲ್ಲ. ಸುತ್ತಲು ನೋಡಿದ, ನೂಲು ಅವನ ಹೆಬ್ಬೆರಳಿಗೆ ಸುತ್ತಿಕೊಂಡಿತು.

ಶುಕ್ರವಾರ ಹನ್ನೊಂದೂವರೆಗೆ ತೆರೆ ಏರಿತು. ಈಚೆ ಮಹಡಿಗಳ ಕಂಬಿಗೆ ಹದಿನಾರು ಹಗ್ಗ, ಆಚೆ ದೀಪದ ಕಂಬಗಳಿಗೆ ಹದಿನಾರು. ಹನ್ನೆರಡಕ್ಕೆ ಸರಿಯಾಗಿ ಇಡೀ ಬೀದಿಯ ಮೇಲೆ ನೆರಳು ಬಿತ್ತು. ಎದೆಯಲ್ಲಿ ಬಿಗಿಯಿಲ್ಲ, ಸೊಂಟದಲ್ಲಿ ಸಡಿಲವಿಲ್ಲ. ಜನ ಮನೆಯಿಂದ ಕುರ್ಚಿ ತಂದು ಹಾಕಿಕೊಂಡರು. ಕೋಟು ಕೇಳಲು ಬಂದಿದ್ದ ಬ್ಯಾಂಡ್ ಮುಖ್ಯಸ್ಥ, ಬಂದ ಕಾರಣ ಮರೆತು, ಕಹಳೆ ಊದಿದ. ಚಿಕ್ಕಪ್ಪ ಎರಡೂ ಕೈಯಿಂದ ಟೇಪಿನ ತುದಿ ಹಿಡಿದುಕೊಂಡು, ಹಾರ ಹಾಕಿಸಿಕೊಂಡವನಂತೆ ನಿಂತಿದ್ದ.

ಒಂದು ಗಂಟೆಗೆ ಕುರ್ಚಿಗಳು ಗೋಡೆಯ ಕಡೆಗೆ ಸರಿದವು. ಎರಡಕ್ಕೆ ಕುರ್ಚಿಗಳು ಗೋಡೆಗೆ ತಾಗಿ ನಿಂತವು. ನೆರಳು ಮಾತ್ರ ನಿಲ್ಲಲಿಲ್ಲ. ಅದು ಗೋಡೆ ಹಾರಿ ಆಚೆಗೆ ಹೋಯಿತು.

ಮೂರು ಗಂಟೆಗೆ ಲಾಂಡ್ರಿ ಅಕ್ಕ ಹೆಗಲ ಮೇಲೆ ಒದ್ದೆ ಹಾಸುಬಟ್ಟೆ ಹಾಕಿಕೊಂಡು ಬಂದಳು. ನೀರು ತೊಟ್ಟಿಕ್ಕುತ್ತಿತ್ತು.

"ಏನಣ್ಣ, ನಾನು ನಿಮಗೇನು ಅನ್ಯಾಯ ಮಾಡಿದೀನಿ? ಆಸ್ಪತ್ರೆಯ ನಲವತ್ತು ಹಾಸುಬಟ್ಟೆ ಒಣಗಬೇಕು. ನನ್ನ ಬಿಸಿಲು ಎಲ್ಲಿ?"

"ಬಿಸಿಲನ್ನ ವಾಪಸ್ ಕಳಿಸಿದೀವಿ ಅಕ್ಕ. ಲೋಕದ ಹಿತಕ್ಕೆ."

"ನನ್ನ ಕೇಳದೆ? ನಿಮ್ಮ ಪಾಲಿನದು ನೀವು ಕಳಿಸ್ಕೊಳ್ಳಿ, ನನ್ನ ಪಾಲಿನದು ಇಲ್ಲಿಡಿ!"

"ನೆರಳು ಇಲ್ಲೇ ಹಾಕಿದ್ದು. ಸೂರ್ಯ ಸರಿದುಬಿಟ್ಟ."

"ತಪ್ಪು," ಎಂದರು ಮೇಷ್ಟ್ರು ಮೇಲಿನಿಂದ. "ಸೂರ್ಯ ಸರಿಯೋದಿಲ್ಲ. ತಿರುಗೋದು ಭೂಮಿ. ಸರಿದಿದ್ದು ನಾವು."

ಚಿಕ್ಕಪ್ಪನಿಗೆ ಹೋದ ಜೀವ ಬಂದಂತಾಯಿತು. "ಕೇಳಿದ್ಯಾ ಅಕ್ಕ? ನನ್ನ ಬಟ್ಟೆ ಕಟ್ಟಿದಲ್ಲೇ ಇದೆ. ಸರಿದಿದ್ದು ನೀನು!"

ಲಾಂಡ್ರಿ ಅಕ್ಕ ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಹಿಂಡತೊಡಗಿದಳು. ಹಿಂಡುವಾಗ ಅವಳ ಕಣ್ಣು ಚಿಕ್ಕಪ್ಪನ ಕತ್ತಿನ ಮೇಲಿತ್ತು. ಚಿಕ್ಕಪ್ಪ ಅಂಗಡಿಯೊಳಗೆ ಸರಿದ. ಈ ಸಲ ಸರಿದದ್ದು ಯಾರು ಎಂಬ ಬಗ್ಗೆ ಮೇಷ್ಟ್ರಿಗೂ ಸಂದೇಹವಿರಲಿಲ್ಲ.

ಗೋಡೆಯಾಚೆಯಿಂದ ಇನ್ನೊಂದು ಕೂಗು ಬಂತು. ಹಿಂದಿನ ಬೀದಿಯ ಟೀ ಅಂಗಡಿಯವನು ತನ್ನ ಬೆಂಚುಗಳನ್ನು ಲಾಂಡ್ರಿ ಅಂಗಳದ ನೆರಳಿಗೆ ಎಳೆದು ಹಾಕಿಕೊಂಡಿದ್ದ. "ದಯವಿಟ್ಟು ತೆಗೀಬೇಡಿ ಸಾರ್! ಬಹಳ ಚೆನ್ನಾಗಿದೆ! ನಾಳೆ ಸ್ವಲ್ಪ ಈ ಕಡೆಗೆ ಎಳೆದು ಕಟ್ಟೋಕಾಗುತ್ತಾ?"

ನಾಲ್ಕು ಗಂಟೆಗೆ ನಗರಸಭೆಯ ಇನ್‌ಸ್ಪೆಕ್ಟರ್ ಬಂದರು. ಅವರು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಹಿಂದಿನ ಬೀದಿಯಾಚೆಗಿನ ಎತ್ತರದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವರ ಕಚೇರಿ.

"ಇಲ್ಲಿ ಹೊಳೆಯೋ ಬಟ್ಟೆ ಕಟ್ಟಿದವರು ಯಾರು?"

"ನಾನೇ ಸಾರ್," ಎಂದ ಚಿಕ್ಕಪ್ಪ, ಸನ್ಮಾನಕ್ಕೆ ತಯಾರಾಗಿ.

"ಬಿಸಿಲನ್ನ ಎಲ್ಲಿಗೆ ಕಳಿಸ್ತಿದೀರಿ?"

"ಬಂದಲ್ಲಿಗೇ ಸಾರ್."

"ಅದು ಹೋಗ್ತಿಲ್ಲ ಸ್ವಾಮಿ. ನಮ್ಮ ಕಚೇರಿಗೆ ಬಂದು ಕೂತಿದೆ! ಪಶ್ಚಿಮದ ಕಿಟಕಿಯಲ್ಲಿ ಒಂದು ಸೂರ್ಯ ಮೊದಲೇ ಇತ್ತು. ಈಗ ಕೆಳಗಿಂದ ಇನ್ನೊಂದು. ನಮ್ಮ ಹೆಡ್ ಕ್ಲರ್ಕು ಛತ್ರಿ ಬಿಡಿಸ್ಕೊಂಡು ಫೈಲು ನೋಡ್ತಿದಾರೆ." ಅವರು ಚೀಲದಿಂದ ಅರ್ಜಿಯ ಕಟ್ಟು ತೆಗೆದು ತಿರುವಿದರು. "ಇದನ್ನ ಏನಂತ ಬರೀಲಿ? ಕಟ್ಟಡವಾ? ಜಾಹೀರಾತಾ?"

"ಹವಾಮಾನ ಅಂತ ಬರೀರಿ ಸಾರ್."

"ಹವಾಮಾನಕ್ಕೆ ನಮ್ಮಲ್ಲಿ ಕಾಲಂ ಇಲ್ಲ." ಕೊನೆಗೆ "ಒಣ ಹಾಕಿದ ಬಟ್ಟೆ, ಅತಿ ದೊಡ್ಡದು" ಎಂದು ಬರೆದು ನೋಟಿಸು ಕೊಟ್ಟರು. ಶನಿವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ಇಳಿಸಬೇಕು.

ಚಿಕ್ಕಪ್ಪ ಲೆಕ್ಕ ಹಾಕಿದ. ನೋಟಿಸು ಎರಡಕ್ಕೆ. ತೆರೆ ಚೆನ್ನಾಗಿ ಕಾಣುವುದು ಹನ್ನೆರಡಕ್ಕೆ. ಫೋನು ತೆಗೆದುಕೊಂಡ. "ಭಾವ, ನಾಳೆ ಹನ್ನೆರಡಕ್ಕೆ ಸರಿಯಾಗಿ ಬನ್ನಿ. ಹನ್ನೆರಡೂವರೆಗೆ ಬಂದ್ರೆ ಹವಾಮಾನ ಬದಲಾಗಿರುತ್ತೆ."

ಚಿಕ್ಕಮ್ಮ ಒಳಗಿನಿಂದ ಎಲ್ಲ ಕೇಳುತ್ತಿದ್ದಳು. ಆ ದಿನವಿಡೀ ತಗಡಿನ ಮೇಲೆ ಬಿಸಿಲು ಎಂದಿನಂತೆಯೇ ಬಿದ್ದಿತ್ತು. ಮಧ್ಯಾಹ್ನದ ಅರ್ಧ ಗಂಟೆ ಮಾತ್ರ ಬಿಟ್ಟು, ಆಗ ಅವಳು ಊಟಕ್ಕೆ ಎದ್ದಿದ್ದಳು. "ಬೀದಿಗೆ ನೆರಳಾಯ್ತು. ಲಾಂಡ್ರಿಗೆ ಆಯ್ತು. ಟೀ ಅಂಗಡಿಗೂ ಆಯ್ತು," ಎಂದು ಬೆರಳು ಮಡಚಿದಳು. ಮುಂದಿನ ಬೆರಳು ಮಡಚದೆ ಎದ್ದು ಹೋಗಿ ನೀಲಿ ಬ್ಯಾಗಿನ ಜಿಪ್ಪು ಎಳೆದಳು.

ನಲವತ್ತು ವರ್ಷ ರೈಲಿಗೆ ಹೊತ್ತಿಗೆ ಸರಿಯಾಗಿ ಹಸಿರು ಬಾವುಟ ತೋರಿಸಿದ ಗಾರ್ಡ್ ಮಾಮ, ಶನಿವಾರ ಬಸ್ಸು ಕೆಟ್ಟು ನಿಂತಿದ್ದರಿಂದ, ಬಂದು ತಲುಪಿದ್ದು ಎರಡು ಗಂಟೆಗೆ. ಇನ್‌ಸ್ಪೆಕ್ಟರ್ ಕೂಡ ಎರಡು ಗಂಟೆಗೇ ಬಂದರು. ಲಾಂಡ್ರಿ ಅಕ್ಕ ಒಂದೂ ಮುಕ್ಕಾಲಿಗೇ ಬಂದಿದ್ದಳು.

ಬೀದಿ ತುಂಬ ಬಿಸಿಲು. ಗಾರ್ಡ್ ಮಾಮ ಬೀದಿಯ ನಡುವೆ ನಿಂತು ಬೆವರು ಒರೆಸಿಕೊಂಡು ಮೇಲೆ ನೋಡಿದರು, ಕೆಳಗೆ ನೋಡಿದರು. "ಬಟ್ಟೆ ಕಾಣಿಸ್ತಿದೆ ಭಾವ. ನೆರಳೆಲ್ಲಿ?"

"ಹಿಂದಿನ ಬೀದಿ ಹತ್ತಿರ ಇದೆ ಭಾವ. ಬನ್ನಿ, ತೋರಿಸ್ತೀನಿ."

"ನೆರಳು ನೋಡೋಕೆ ಗೋಡೆ ಹಾರಬೇಕಾ?"

"ನಾನು ನಿಮ್ಮನ್ನ ಹನ್ನೆರಡಕ್ಕೆ ಬನ್ನಿ ಅಂದಿದ್ದೆ. ತಡವಾಗಿ ಬಂದು ನೆರಳು ಸಿಗಲಿಲ್ಲ ಅಂದ್ರೆ? ರೈಲು ಕಾಯುತ್ತಾ?"

ಗಾರ್ಡ್ ಮಾಮನಿಗೆ ರೈಲಿನ ಮಾತು ಎತ್ತಿದ್ದು ಹಿಡಿಸಲಿಲ್ಲ. ಅವರು ತಂಗಿಯ ಕಡೆ ತಿರುಗಿದರು. ಚಿಕ್ಕಮ್ಮ ಬ್ಯಾಗು ಹಿಡಿದು ಬಾಗಿಲಿಗೆ ಬಂದಿದ್ದಳು. ಆಗ ಚಿಕ್ಕಪ್ಪನ ಮುಖ, ಕತ್ತರಿಸಿ ಆದ ಮೇಲೆ ಅಳತೆ ತಪ್ಪಿದ್ದು ಗೊತ್ತಾದಾಗ ಆಗುವಂಥದಾಯಿತು.

"ಹೋಗ್ಬೇಡ ಕಣೇ," ಎಂದ, ಮೆಲ್ಲಗೆ. "ಸೋಮವಾರ ಇದನ್ನ ಸರಿ ಮಾಡ್ತೀನಿ. ಚಕ್ರ ಹಾಕ್ತೀನಿ. ಸೂರ್ಯನ ಜೊತೆಗೇ ಓಡೋ ಹಾಗೆ..."

ಚಿಕ್ಕಮ್ಮ ಏನು ಉತ್ತರ ಕೊಡುತ್ತಿದ್ದಳೋ ಗೊತ್ತಿಲ್ಲ. ಅಷ್ಟರಲ್ಲಿ ಗಾಳಿ ಬಂತು.

ದೊಡ್ಡ ಗಾಳಿಯೇನಲ್ಲ. ಬೇಸಿಗೆಯ ಮಧ್ಯಾಹ್ನ ಬೀದಿ ಸುತ್ತಲು ಬರುವ ಮಾಮೂಲಿ ಗಾಳಿ. ತೆರೆ ಒಮ್ಮೆ ಹೊಟ್ಟೆ ಉಬ್ಬಿಸಿಕೊಂಡಿತು. ಪಟ್ ಎಂದಿತು ಮೊದಲನೆಯ ತೂತು. ಪಟ್, ಪಟ್, ಪಟ್ ಎಂದವು ಮಿಕ್ಕವು, ಊಟ ಹೆಚ್ಚಾದವನ ಕೋಟಿನ ಗುಂಡಿಗಳಂತೆ. ಮೂವತ್ತೆರಡೂ ಸೀಳುಗಳು ಅಂಚಿನವರೆಗೆ ಹರಿದು, ಬೀದಿಯ ಆಕಾಶ ಇಡಿಯಾಗಿ ಕಳಚಿ, ಬೆಳ್ಳಗೆ ಹೊಳೆಯುತ್ತ, ಅವಸರವಿಲ್ಲದೆ ಎಲ್ಲರ ತಲೆಯ ಮೇಲೆ ಇಳಿಯಿತು.

ಹೊರಗೆ ಉಳಿದವರು ಬಾಗಿಲಲ್ಲಿದ್ದ ಚಿಕ್ಕಮ್ಮ, ಅಜ್ಜಿ ಮತ್ತು ನಾನು. ಬಟ್ಟೆಯೊಳಗೆ ಮನುಷ್ಯಾಕಾರದ ಗುಡ್ಡಗಳು ಓಡಾಡುತ್ತಿದ್ದವು.

"ಯಾರ್ರೀ ಅದು ನನ್ನ ಕಾಲು ತುಳಿದಿದ್ದು? ನಾನು ಸರ್ಕಾರಿ ನೌಕರ!"

"ನನ್ನ ಕನ್ನಡಕ ಎಲ್ಲಿ?" ಎಂದರು ಗಾರ್ಡ್ ಮಾಮ.

"ಯಾರೂ ಎಳೀಬೇಡಿ, ಮಾರ್ಜಿನ್ ಹೋಗುತ್ತೆ!" ಇದು ಚಿಕ್ಕಪ್ಪ.

"ಇಲ್ಲಿ ನೆರಳು ಚೆನ್ನಾಗಿದೆ," ಎಂದಿತು ಮೇಷ್ಟ್ರ ದನಿ. ಅವರು ಯಾವಾಗ ಕೆಳಗೆ ಬಂದಿದ್ದರೋ.

ಚಿಕ್ಕಮ್ಮ ಬ್ಯಾಗು ಕೆಳಗಿಟ್ಟು, ಕತ್ತರಿ ತಂದಳು. "ಎಲ್ಲರೂ ನೇರ ನಿಂತ್ಕೊಳ್ಳಿ! ಕತ್ತರಿ ಬರ್ತಿದೆ, ಅಲ್ಲಾಡಬೇಡಿ!"

ಗುಡ್ಡಗಳು ಕಲ್ಲಾದವು. ಅವಳು ಒಂದೊಂದೇ ಗುಡ್ಡದ ನೆತ್ತಿಯ ಮೇಲೆ ಬಟ್ಟೆ ಎತ್ತಿ ಹಿಡಿದು ಕತ್ತರಿಸಿದಳು. ಮೊದಲು ಇನ್‌ಸ್ಪೆಕ್ಟರರ ತಲೆ ಬಂತು, ಕ್ಷೌರಕ್ಕೆ ಕುಳಿತವರ ಹಾಗೆ ಕತ್ತಿನವರೆಗೆ ಬಟ್ಟೆ. ಆಮೇಲೆ ಅವಳ ಅಣ್ಣನದು. ಆಮೇಲೆ ಮೇಷ್ಟ್ರದು. ಲಾಂಡ್ರಿ ಅಕ್ಕ ತಾನಾಗಿಯೇ ಅಂಚು ಎತ್ತಿ ಹೊರಬಂದಳು. ಹಾಸುಬಟ್ಟೆಗಳ ನಡುವೆ ದಾರಿ ಹುಡುಕುವುದು ಅವಳಿಗೆ ಹೊಸತಲ್ಲ. ಕೊನೆಯ ಗುಡ್ಡದ ಬಳಿ ಚಿಕ್ಕಮ್ಮ ಕತ್ತರಿ ಕೆಳಗಿಳಿಸಿದಳು. ಹರಿದ ಒಂದು ಸೀಳು ಕಣ್ಣಿಗೆ ಬಿದ್ದಿತ್ತು. ಎತ್ತಿ ಬೆಳಕಿಗೆ ಹಿಡಿದಳು.

"ಇದನ್ನ ಕಾಜ ಅಂತಾರೇನ್ರೀ? ಇಲಿ ಕಚ್ಚಿದ್ರೂ ಇದಕ್ಕಿಂತ ನೀಟಾಗಿರುತ್ತೆ."

"ನೀನು ಹಾಕಲ್ಲ ಅಂದೆ," ಎಂದಿತು ಗುಡ್ಡ.

"ಬೀದಿ ಜನ ಇದನ್ನ ನೋಡಿ, ನಮ್ಮ ಅಂಗಡಿ ಕಾಜ ಹೀಗೇ ಅಂದ್ಕೊಂಡ್ರೆ?" ಅವಳು ಅಣ್ಣನ ಕಡೆ ತಿರುಗಿದಳು. "ಅಣ್ಣ, ವಾಪಸ್ ಬಸ್ಸು ಎಷ್ಟೊತ್ತಿಗೆ?"

"ನಾಲ್ಕೂವರೆಗೆ."

"ತಗಡಿಗೆ ಹನ್ನೆರಡು ಕಾಜ ಸಾಕು. ಮುಗಿಸಿ ಹೋಗೋಣ."

ನೀಲಿ ಬ್ಯಾಗನ್ನು ಬಾಗಿಲ ನೆರಳಿಗೆ ಎಳೆದು, ಅದರ ಮೇಲೇ ಕುಳಿತು, ಸೂಜಿಗೆ ನೂಲು ಪೋಣಿಸಿದಳು. ಮೊದಲು ಹರಿಯದೆ ಉಳಿದ ಭಾಗವನ್ನು ಕತ್ತರಿಸಿ ಬೇರೆ ಮಾಡಿಸಿದಳು, ಗಂಡನಿಂದ. ಅಷ್ಟರ ಮಟ್ಟಿಗೆ ಅವನನ್ನು ಹೊರಗೆ ತೆಗೆಯಲೇಬೇಕಾಯಿತು. ಒಂದೊಂದು ಕಾಜ ಮುಗಿದ ಹಾಗೆ ಹಗ್ಗ ಪೋಣಿಸಲು ಗಾರ್ಡ್ ಮಾಮ. ಏಣಿ ಹಿಡಿಯಲು ಮೇಷ್ಟ್ರು. ತಗಡಿನ ಮೇಲೆ ಹತ್ತಲು ಚಿಕ್ಕಪ್ಪ. ಅಂಚು ಹಾರದಂತೆ ಲಾಂಡ್ರಿ ಅಕ್ಕ ಒಂದು ಬುಟ್ಟಿ ಕ್ಲಿಪ್ಪು ತಂದುಕೊಟ್ಟಳು, ಬಿಸಿಲು ಮರಳಿ ಬಂದ ಖುಷಿಗೆ.

ಇನ್‌ಸ್ಪೆಕ್ಟರ್ ಕೆಳಗಿನಿಂದ ಕೇಳಿದರು. "ಅಲ್ಲಿಂದ ಮತ್ತೆ ನಮ್ಮ ಕಿಟಕಿಗೆ ಹೊಡೆಯಲ್ಲ ತಾನೆ?"

ಮೇಷ್ಟ್ರು ಏಣಿ ಬಿಟ್ಟು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದರು. "ಇಲ್ಲ. ತಗಡಿನ ಇಳಿಜಾರು ಇನ್ನೊಂದು ಕಡೆಗಿದೆ." ಏಣಿ ವಾಲಿತು. ಚಿಕ್ಕಪ್ಪ ಮೇಲಿನಿಂದ ಕೂಗಿಕೊಂಡ. ಮೇಷ್ಟ್ರು ಏಣಿ ಹಿಡಿದುಕೊಂಡು, "ಪ್ಯಾಂಟು ಯಾವಾಗ ಕೊಡ್ತೀರಿ?" ಎಂದರು.

"ಸೋಮವಾರ! ಸೋಮವಾರ!"

ನಾಲ್ಕಕ್ಕೆ ಕೆಲಸ ಮುಗಿಯಿತು. ಚಿಕ್ಕಮ್ಮ ಕತ್ತರಿ ಇಟ್ಟು ಬರುತ್ತೇನೆಂದು ಒಳಗೆ ಹೋದಳು. ನಾವು ಕಾದೆವು. ಗಾರ್ಡ್ ಮಾಮ ಗಡಿಯಾರ ನೋಡಿಕೊಂಡರು. ಇನ್ನೊಮ್ಮೆ ನೋಡಿಕೊಂಡರು. ಕೊನೆಗೆ ನಾವೆಲ್ಲ ಬಾಗಿಲಲ್ಲಿ ಇಣುಕಿದರೆ, ಅವಳು ತನ್ನ ಜಾಗದಲ್ಲಿ ಕುಳಿತು, ಸೋಮವಾರ ನಿಲ್ಲಿಸಿದ ಕೋಟನ್ನು ಮಡಿಲಿಗೆ ಹಾಕಿಕೊಂಡು, ನಾಲ್ಕನೆಯ ಕಾಜದಲ್ಲಿದ್ದಳು.

"ಬಸ್ಸು ಹೊರಟೋಯ್ತು ಕಣಮ್ಮ," ಎಂದರು ಗಾರ್ಡ್ ಮಾಮ.

"ಹೋಗ್ಲಿ ಬಿಡು ಅಣ್ಣ," ಎಂದಳು ಅವಳು, ಹಲ್ಲಿನಿಂದ ನೂಲು ಕಡಿದು. "ಬಸ್ಸಿಗೂ ಮೇಲೆ ತಗಡೇ ತಾನೆ."

ಗಾರ್ಡ್ ಮಾಮ ಒಳಗೆ ಬಂದು ಕುಳಿತರು. ಸ್ವಲ್ಪ ಹೊತ್ತಿಗೆ ಇನ್‌ಸ್ಪೆಕ್ಟರೂ ಬಂದು ಕುಳಿತು, ನೋಟಿಸಿನ ಮೇಲೆ "ಒಣಗಿತು, ತೆಗೆಯಲಾಗಿದೆ" ಎಂದು ಬರೆದರು. ಅಜ್ಜಿ ತನ್ನ ಮೂಲೆಯಲ್ಲಿ ಕಾಲು ಚಾಚಿದಳು.

"ಅಜ್ಜಿ, ಮೋಡ ಕಟ್ಟಿ ಹಾಕಿದ ರಾಜನ ಕತೆ ಹಾಗೇ ಮುಗಿಯೋದಾ?" ಎಂದೆ.

"ಅವನಿಗೆ ಗಂಟು ಹಾಕೋಕೆ ಬರ್ತಿರಲಿಲ್ಲ," ಎಂದಳು ಅಜ್ಜಿ. "ರಾಣಿಗೆ ಬರ್ತಿತ್ತು. ಅವನು ಕೇಳಿದ ರೀತಿ ಸರಿಯಿರಲಿಲ್ಲ."

ಚಿಕ್ಕಪ್ಪ ಯಾರ ಕಡೆಗೂ ನೋಡದೆ ಅಳತೆ ಪುಸ್ತಕ ತೆರೆದು, "ಬೀದಿ" ಎಂಬ ಗಿರಾಕಿಯ ಪುಟ ತೆಗೆದು, ಕೆಳಗೆ ಏನೋ ಬರೆದು ಮುಚ್ಚಿಟ್ಟ. ಅವನು ಟೀ ಕುಡಿಯಲು ಎದ್ದಾಗ ನಾನು ತೆರೆದು ನೋಡಿದೆ.

"ಟ್ರಯಲ್ ಆಗಿದೆ. ಸ್ವಲ್ಪ ಆಲ್ಟರೇಷನ್ ಬಾಕಿ."